ಅಪ್ಪನ ‘ಹೂಂ’

ಅಟ್ಟದ ಮೇಲಿನ ತೆಂಗಿನಕಾಯಿ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ತಿಳಿಯಲು ನಮ್ಮ ತಿಪಟೂರಿನ ಕಡೆ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಕೂತ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿರುತ್ತದೆ. ಅಲ್ಲಾಡಿಸಿದರೆ ಗಿಟುಕು ಒಳಗೆ ಲೊಡಲೊಡ ಅನ್ನುತ್ತದೆ. ಅಪ್ಪ ಈ ಕೆಲಸವನ್ನು ಐವತ್ತು ವರ್ಷ ಮಾಡಿದವರು. ಅವರು ಆಗಿದೆ ಅಂದರೆ ಆಗಿದೆ. ಮನೆಯಲ್ಲಿ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಏಳೆಂಟು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಊರಿಗೆ ಹೋದಾಗ ನೋಡಿದೆ, ಅಪ್ಪ ಕಾಯನ್ನು ಕಿವಿಗೆ ಹಿಡಿಯುತ್ತಿರಲಿಲ್ಲ. ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾಕಪ್ಪಾ ಹೀಗೆ ಅಂತ ಕೇಳಿದೆ. "ಕೈಗೇ ಗೊತ್ತಾಗುತ್ತೆ ಕಣಮ್ಮ" ಅಂದರು. ನನಗೆ ಹೆಮ್ಮೆ ಆಯಿತು. ಇಷ್ಟು ವರ್ಷದ ಅನುಭವ ಅಂದರೆ ಇದೇ ಅಲ್ವಾ ಅಂದುಕೊಂಡೆ. ಬೆಂಗಳೂರಿಗೆ ವಾಪಸ್ ಬಂದು ನಾಲ್ಕು ಜನರ ಹತ್ತಿರ ಹೇಳಿಕೊಂಡೆ ಕೂಡ. ಅಪ್ಪನಿಗೆ ಆ ಸದ್ದು ಕೇಳಿಸುತ್ತಿಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಈ ಬರಹ ಅದರ ಬಗ್ಗೆ. ಹೊಳೆಯದೇ ಹೋದ ಐದಾರು ವರ್ಷಗಳ ಬಗ್ಗೆ.

ತೋಟದ ಜೊತೆಗೆ ಅಪ್ಪನಿಗೆ ಒಂದು ಹಿಟ್ಟಿನ ಮಿಲ್ಲಿತ್ತು. ಮನೆಗೆ ಅಂಟಿಕೊಂಡ ಶೀಟಿನ ಶೆಡ್ಡು. ಬೆಳಗ್ಗೆ ಎಂಟಕ್ಕೆ ಬೆಲ್ಟು ತಿರುಗಲು ಶುರುವಾದರೆ ಕರೆಂಟು ಇರುವಷ್ಟು ಹೊತ್ತೂ ಓಡುತ್ತಿತ್ತು. ರಾಗಿ, ಗೋಧಿ, ಮೆಣಸಿನಕಾಯಿ, ಹುರಿಹಿಟ್ಟು. ಕಲ್ಲಿನ ಸದ್ದಿನ ಮೇಲೆಯೇ ಹಿಟ್ಟು ನುಣ್ಣಗೆ ಬರುತ್ತಿದೆಯೋ ತರಿಯಾಗಿದೆಯೋ ಅಂತ ಅಪ್ಪ ಹೇಳುತ್ತಿದ್ದರು. ಮೂವತ್ತೆರಡು ವರ್ಷ ಆ ಸದ್ದಿನ ಪಕ್ಕದಲ್ಲೇ ನಿಂತರು. 85 ಡೆಸಿಬೆಲ್‌ಗಿಂತ ಜಾಸ್ತಿ ಸದ್ದಿನಲ್ಲಿ ದಿನಕ್ಕೆ 8 ಗಂಟೆ, ವರ್ಷಗಟ್ಟಲೆ ಇದ್ದರೆ ಕಿವಿಗೆ ಖಾಯಂ ಪೆಟ್ಟು ಬೀಳುತ್ತದೆ ಅಂತ ಈಗ ನನಗೆ ಗೊತ್ತು. ಆಗ ಯಾರಿಗೆ ಗೊತ್ತಿತ್ತು? ಹಿಟ್ಟಿನ ಧೂಳಿಗೆ ಮೂಗಿಗೆ ಟವೆಲ್ಲು ಕಟ್ಟುತ್ತಿದ್ದರು. ಕಿವಿಗೆ ಹತ್ತಿ ಇಟ್ಟುಕೊಂಡವರನ್ನೂ ನಾನು ನೋಡಲಿಲ್ಲ. ಅಪ್ಪ ಜೋರಾಗಿ ಮಾತಾಡುತ್ತಿದ್ದರು. ಮಿಲ್ಲಿನವರು ಮಾತಾಡುವುದೇ ಹಾಗೆ ಅಂದುಕೊಂಡು ನಾವು ಬೆಳೆದೆವು.

ಮಿಲ್ಲಿನ ಸದ್ದಿನ ಮೇಲೆ ವಯಸ್ಸು ಸೇರಿತು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಪುಟ್ಟ ಭಾಗ ಇದೆ. ಅದರೊಳಗೆ ಕೂದಲಿನಂಥ ತುದಿ ಇರುವ ಜೀವಕೋಶಗಳು ಸಾಲಾಗಿ ಇರುತ್ತವೆ. ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ. ಹುಟ್ಟುವಾಗ ಬಂದಷ್ಟೇ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಾಗಿಲ ಹತ್ತಿರದ ಕೋಶಗಳು ಚೂಪು ಸದ್ದಿಗೆ, ಒಳಗಿನ ತುದಿಯಲ್ಲಿರುವವು ದಪ್ಪ ಸದ್ದಿಗೆ. ಮೊದಲು ಸವೆಯುವುದು ಬಾಗಿಲ ಹತ್ತಿರದವು. ಅದಕ್ಕೇ ವಯಸ್ಸಾದವರಿಗೆ ಎಲ್ಲ ಸದ್ದೂ ಒಂದೇ ಸಮ ಕಡಿಮೆ ಆಗುವುದಿಲ್ಲ. ಲಾರಿಯ ಗುಡುಗುಡು ಕೇಳಿಸುತ್ತದೆ. ಮೊಮ್ಮಗಳ ಪಿಸುಮಾತು ಕೇಳಿಸುವುದಿಲ್ಲ.

ಇದು ಮಾತಿಗೆ ಏನು ಮಾಡುತ್ತದೆ ಅನ್ನುವುದು ನನಗೆ ಅರ್ಥವಾದದ್ದು ತುಂಬಾ ತಡವಾಗಿ. ನಮ್ಮ ಮಾತಿನಲ್ಲಿ ಸ್ವರಗಳು ದಪ್ಪ ಸದ್ದು, ದೂರಕ್ಕೂ ಕೇಳಿಸುತ್ತವೆ. ಕ, ತ, ಪ, ಸ, ಶ ಇವೆಲ್ಲ ಚೂಪು, ಮೆಲು. ಕಾಸು, ತಾಸು, ಪಾಸು ಈ ಮೂರನ್ನೂ ಹೇಳಿ ನೋಡಿ. ಮೊದಲ ವ್ಯಂಜನ ತೆಗೆದುಬಿಟ್ಟರೆ ಮೂರೂ ಒಂದೇ. ಅಪ್ಪನಿಗೆ ಕೇಳಿಸುತ್ತಿದ್ದದ್ದು ಹಾಗೆ. ಯಾರೋ ಮಾತಾಡುತ್ತಿದ್ದಾರೆ ಅಂತ ಚೆನ್ನಾಗಿ ಗೊತ್ತಾಗುತ್ತಿತ್ತು. ಏನು ಅಂತ ಗೊತ್ತಾಗುತ್ತಿರಲಿಲ್ಲ. ಹಾಗಾಗಿಯೇ ಅವರು ಪ್ರಾಮಾಣಿಕವಾಗಿ ಹೇಳುತ್ತಿದ್ದರು: "ನನಗೆ ಕಿವಿ ಚೆನ್ನಾಗಿದೆ. ಈಗಿನವರು ಸರಿಯಾಗಿ ಮಾತಾಡಲ್ಲ, ಬಾಯೊಳಗೇ ಗೊಣಗ್ತಾರೆ."

ಇನ್ನೊಂದು ವಿಚಿತ್ರವೂ ಇತ್ತು. ಮೆಲ್ಲಗೆ ಹೇಳಿದರೆ ಕೇಳಿಸುತ್ತಿರಲಿಲ್ಲ. ನಾವು ಸ್ವಲ್ಪ ಜಾಸ್ತಿ ಜೋರು ಮಾಡಿದರೆ "ಯಾಕೆ ಕಿರುಚ್ತೀಯಾ" ಅಂತ ಸಿಟ್ಟು. ನಾವು ಅದನ್ನು ಮೊಂಡುತನ ಅಂದುಕೊಂಡೆವು. ಒಳಕಿವಿ ಸವೆದವರಿಗೆ ಸಣ್ಣ ಸದ್ದು ಕೇಳಿಸದಿರುವುದು, ದೊಡ್ಡ ಸದ್ದು ನೋವಾಗುವಷ್ಟು ದೊಡ್ಡದಾಗಿ ಕೇಳಿಸುವುದು ಎರಡೂ ಒಟ್ಟಿಗೇ ಬರುತ್ತವಂತೆ. ನಡುವೆ ಹಿತವಾಗಿ ಕೇಳಿಸುವ ಜಾಗ ಕಿರಿದಾಗಿಬಿಡುತ್ತದೆ.

ಅಪ್ಪ ಇಷ್ಟು ವರ್ಷ ಸಂಭಾಳಿಸಿದ್ದು ಹೇಗೆ ಅನ್ನುವುದು 2020ರಲ್ಲಿ ಗೊತ್ತಾಯಿತು. ಕೋವಿಡ್ ಬಂತು, ಎಲ್ಲರ ಬಾಯಿಗೂ ಮಾಸ್ಕ್ ಬಂತು. ಒಂದೇ ವಾರದಲ್ಲಿ ಅಪ್ಪನಿಗೆ ಅಂಗಡಿಯವನ ಮಾತು, ನೆರೆಯವರ ಮಾತು, ಹಾಲಿನ ಡೇರಿಯವನ ಮಾತು ಯಾವುದೂ ತಿಳಿಯದಂತಾಯಿತು. ಅವರು ತಮಗೇ ಗೊತ್ತಿಲ್ಲದೆ ತುಟಿ ನೋಡಿಕೊಂಡು ಅರ್ಧ ಮಾತು ಹಿಡಿಯುತ್ತಿದ್ದರು. ಉಳಿದ ಅರ್ಧವನ್ನು ಊಹಿಸಿಕೊಂಡು ‘ಹೂಂ’ ಅನ್ನುತ್ತಿದ್ದರು.

ಆ ‘ಹೂಂ’ ಬಗ್ಗೆ ಹೇಳಬೇಕು.

2021ರ ಕೊನೆಯಲ್ಲಿ ನನ್ನ ತಮ್ಮ ಮಿಲ್ಲಿನ ಶೆಡ್ಡು ಕೆಡವಿಸಿದ. ಮಿಲ್ಲು ನಿಂತು ಆಗಲೇ ಏಳು ವರ್ಷವಾಗಿತ್ತು. ಮೋಟರು, ಬೆಲ್ಟು, ಕಲ್ಲು ಎಲ್ಲವನ್ನೂ ಗುಜರಿಯವನಿಗೆ ಕೊಟ್ಟ. ಆ ದಿನ ಅಪ್ಪ ತೋಟಕ್ಕೆ ಹೋಗಿದ್ದರು. ಮಧ್ಯಾಹ್ನ ಬಂದು ನೋಡಿದರೆ ಜಾಗ ಖಾಲಿ. ಕಲ್ಲು ಕೂತಿದ್ದ ಕಡೆ ನೆಲದಲ್ಲಿ ಒಂದು ಗುಂಡು ಗುರುತು ಮಾತ್ರ ಇತ್ತು. ಅಪ್ಪ ಚಪ್ಪಲಿ ಬಿಡದೆ ಅಲ್ಲೇ ನಿಂತರು.

"ಕಲ್ಲು ಕೊಟ್ಟುಬಿಟ್ಟೆಯೇನೋ? ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿದ್ನಲ್ಲಪ್ಪ. ಮೊನ್ನೆ ರಾತ್ರಿ ಊಟ ಮಾಡ್ತಾ ಕೇಳ್ದೆ. ನೀವೇ ಹೂಂ ಅಂದ್ರಿ."

ಅಮ್ಮ ಸಾಕ್ಷಿ, ತಮ್ಮನ ಹೆಂಡತಿ ಸಾಕ್ಷಿ. ಅಪ್ಪ ಹೂಂ ಅಂದದ್ದು ನಿಜ. ಟಿವಿ ಹಾಕಿತ್ತು, ಮಕ್ಕಳು ಗಲಾಟೆ ಮಾಡುತ್ತಿದ್ದರು, ತಮ್ಮ ತಟ್ಟೆ ಕಡೆ ನೋಡಿಕೊಂಡು ಕೇಳಿದ್ದ. ಅಪ್ಪನಿಗೆ ಏನೋ ಕೇಳಿದ ಅಂತ ಮಾತ್ರ ಗೊತ್ತಾಗಿತ್ತು. ಇನ್ನೊಂದು ಸಲ ಕೇಳಿದರೆ ಮಗ ಬೇಸರ ಮಾಡಿಕೊಳ್ಳುತ್ತಾನೆ ಅಂತ ಹೂಂ ಅಂದುಬಿಟ್ಟಿದ್ದರು. ತಮ್ಮನದು ತಪ್ಪು ಅಂತ ನಾನು ಹೇಳಲಾರೆ. ಅವನು ಕೇಳಿದ್ದ. ಅಪ್ಪನದೂ ತಪ್ಪಲ್ಲ. ಆದರೆ ಆ ಮಧ್ಯಾಹ್ನ ಅಪ್ಪ ಊಟ ಮಾಡಲಿಲ್ಲ. ಫೋನಿನಲ್ಲಿ ಅಮ್ಮ ಇದನ್ನು ಹೇಳುವಾಗ ಅಳುತ್ತಿದ್ದಳು.

ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಮಾತು ಮೂರು ಕೆಲಸ ಮಾಡುತ್ತದೆ. ಕಿವಿಗೆ ಬೀಳುವುದೂ ಕೇಳುವುದೇ. ಪ್ರಶ್ನೆ ಹಾಕುವುದೂ ಕೇಳುವುದೇ. ಹೇಳಿದಂತೆ ನಡೆಯುವುದೂ ಕೇಳುವುದೇ, ‘ಮಾತು ಕೇಳು’ ಅನ್ನುತ್ತೇವಲ್ಲ ಹಾಗೆ. ನಮ್ಮ ಮನೆಯಲ್ಲಿ ಈ ಮೂರೂ ಒಂದರ ಹಿಂದೆ ಒಂದು ಹೋದವು. ಮೊದಲು ಅಪ್ಪನಿಗೆ ಕೇಳಿಸದಾಯಿತು. ಆಮೇಲೆ ಅಪ್ಪ ಕೇಳುವುದನ್ನು ಬಿಟ್ಟರು, ಏನಂದೆ ಅಂತ ಎಷ್ಟು ಸಲ ಕೇಳುವುದು? ಕೊನೆಗೆ ನಾವು ಅಪ್ಪನನ್ನು ಕೇಳುವುದನ್ನು ಬಿಟ್ಟೆವು. ಮೊದಲನೆಯದು ಕಿವಿಯ ಕಾಯಿಲೆ. ಉಳಿದೆರಡನ್ನು ಮಾಡಿದ್ದು ನಾವು.

ಹೇಗೆ ಅಂದರೆ, ಒಂದೊಂದೇ ಕೆಲಸ ಅಪ್ಪನ ಕೈಯಿಂದ ಜಾರಿತು. ಮೊದಲು ಫೋನು. ಫೋನಿನಲ್ಲಿ ಮುಖ ಕಾಣುವುದಿಲ್ಲ, ತುಟಿ ಕಾಣುವುದಿಲ್ಲ, ಧ್ವನಿ ಸಣ್ಣಗೆ ಬರುತ್ತದೆ. ರಿಂಗ್ ಆದರೆ ಅಪ್ಪ ಅದನ್ನು ಅಮ್ಮನ ಕೈಗೆ ಕೊಡಲು ಶುರು ಮಾಡಿದರು. ಬ್ಯಾಂಕಿನಿಂದ ಫೋನ್ ಬಂದರೆ ತಮ್ಮ ಮಾತಾಡಿದ. ಆಮೇಲೆ ಬ್ಯಾಂಕಿಗೇ ತಮ್ಮ ಹೋದ. ಕೌಂಟರಿನ ಗಾಜಿನ ಹಿಂದಿನ ಮಾತು ಅಪ್ಪನಿಗೆ ತಿಳಿಯುತ್ತಿರಲಿಲ್ಲ, ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಮಾರುಕಟ್ಟೆಗೆ ಕೊಬ್ಬರಿ ತಗೊಂಡು ಹೋಗುವುದು ನಿಂತಿತು. ಮಂಡಿಯಲ್ಲಿ ಹತ್ತು ಜನ ಒಟ್ಟಿಗೆ ಮಾತಾಡುವ ಜಾಗದಲ್ಲಿ ರೇಟು ತಪ್ಪಾಗಿ ಕೇಳಿಸಿಕೊಂಡು ಒಮ್ಮೆ ಮುಜುಗರ ಆಗಿತ್ತಂತೆ. ಮದುವೆ ಮುಂಜಿಗಳಿಗೆ "ನೀವೇ ಹೋಗಿ ಬನ್ನಿ" ಅಂದರು. ಒಬ್ಬರೇ ಬಸ್ಸು ಹತ್ತುವುದು ಬೇಡ ಅಂತ ನಾವು ಹೇಳಿದೆವು, ಹಿಂದಿನಿಂದ ಬರುವ ಗಾಡಿ ಹಾರ್ನು ಕೇಳಿಸದಿದ್ದರೆ ಅನ್ನುವ ಭಯ. ಎಲ್ಲವೂ ಕಾಳಜಿಯಿಂದಲೇ. ಎರಡು ವರ್ಷದಲ್ಲಿ, ಕೈಕಾಲು ಗಟ್ಟಿಯಿದ್ದ ಮನುಷ್ಯ ಜಗಲಿಯ ಮೇಲೆ ಕೂತು ರಸ್ತೆ ನೋಡುವವರಾದರು.

ಅರವತ್ತಕ್ಕೆ ಅರಳು ಮರಳು ಅನ್ನುವ ಮಾತು ನಮ್ಮ ಬಾಯಲ್ಲಿ ಎಷ್ಟು ಸುಲಭವಾಗಿ ಬರುತ್ತದೆ! ಅಪ್ಪನಿಗೆ ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದರು. ಮರೆವು ಶುರುವಾಯಿತು ಅಂತ ನೆಂಟರು ಪಿಸುಗುಟ್ಟಿದರು. ಅಪ್ಪನ ಎದುರಿಗೇ ಪಿಸುಗುಟ್ಟಿದರು, ಹೇಗೂ ಕೇಳಿಸಲ್ಲವಲ್ಲ ಅಂತ. ಕೇಳಿಸದಿದ್ದರೂ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂತ ಅಪ್ಪನಿಗೆ ಗೊತ್ತಾಗುತ್ತಿತ್ತು. ಮುಖ ಓದುವುದರಲ್ಲಿ ಅವರು ಅಷ್ಟು ಹೊತ್ತಿಗೆ ನಮಗಿಂತ ಪಳಗಿದ್ದರು.

ಇನ್ನು ಅಮ್ಮ. ದಿನವಿಡೀ ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು. ಹಾಗಾಗಿ ಅವಳು ಮಾತು ಕಡಿಮೆ ಮಾಡಿದಳು. ಊಟ ಆಯ್ತು ಬನ್ನಿ. ಮಾತ್ರೆ. ನೀರು ಬಂತು. ಕೂಗಿ ಹೇಳಬಹುದಾದದ್ದು ಇಷ್ಟೇ ಅಲ್ವಾ? ಪಕ್ಕದ ಮನೆಯ ಸೊಸೆ ಸಾರಿಗೆ ಏನು ಹಾಕಿದಳು ಅನ್ನುವುದನ್ನು ಕೂಗಿ ಹೇಳುವುದಕ್ಕಾಗುವುದಿಲ್ಲ. ಮಂಡಿನೋವು ಇವತ್ತು ಸ್ವಲ್ಪ ಪರವಾಗಿಲ್ಲ ಅನ್ನುವುದನ್ನೂ ಕೂಗುವುದಕ್ಕಾಗುವುದಿಲ್ಲ. ನಲವತ್ತೇಳು ವರ್ಷದ ಸಂಸಾರದಲ್ಲಿ ರಾತ್ರಿ ಮಲಗುವ ಮುಂಚೆ ಇಬ್ಬರೂ ಆಡುತ್ತಿದ್ದ ಸಣ್ಣ ಮಾತುಗಳು ನಿಂತುಹೋದವು. ಇದನ್ನು ಅಮ್ಮ ನನಗೆ ಹೇಳಿದ್ದು ಎಲ್ಲ ಸರಿಯಾದ ಮೇಲೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

2022ರ ಆಗಸ್ಟಿನಲ್ಲಿ ಅಪ್ಪ ಬಿದ್ದರು. ಬಿಪಿ ಮಾತ್ರೆ ಬದಲಾಯಿಸಿದ್ದರು. ಹಳೇ ಮಾತ್ರೆ ಬಿಟ್ಟು ಇದನ್ನು ತಗೊಳ್ಳಿ ಅಂತ ವೈದ್ಯರು ಮಾಸ್ಕ್ ಹಾಕಿಕೊಂಡು, ಬರೆಯುತ್ತಾ ಹೇಳಿದ್ದರು. ನಡುವಿನ ‘ಬಿಟ್ಟು’ ಅಪ್ಪನ ಕಿವಿಗೆ ಬೀಳಲಿಲ್ಲ. ಆ ದಿನ ಜೊತೆಗೆ ಯಾರೂ ಹೋಗಿರಲಿಲ್ಲ. ಎರಡೂ ಮಾತ್ರೆ ಐದು ದಿನ ನುಂಗಿದರು. ಆರನೇ ದಿನ ಬೆಳಗಿನ ಜಾವ ಬಚ್ಚಲಿಗೆ ಹೋಗಲು ಎದ್ದವರು ತಲೆ ತಿರುಗಿ ಹೊಸ್ತಿಲ ಮೇಲೆ ಬಿದ್ದರು. ಮುಂಗೈ ಮೂಳೆ ಮುರಿಯಿತು, ಹಣೆಗೆ ನಾಲ್ಕು ಹೊಲಿಗೆ. ಸೊಂಟ ಉಳಿಯಿತಲ್ಲ ಅಂತ ಎಲ್ಲರೂ ಹೇಳಿದರು.

ಆಗ ನಾನು ಓದಲು ಕೂತೆ. ಕಿವಿಗೂ ಬೀಳುವುದಕ್ಕೂ ಸಂಬಂಧ ಇದೆ ಅಂತ ಆಗಲೇ ಗೊತ್ತಾಗಿದ್ದು. ಮಾತ್ರೆ ತಪ್ಪಿದ ವಿಷಯ ಬಿಡಿ, ಅದಿಲ್ಲದೆಯೂ ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಫ್ರಾಂಕ್ ಲಿನ್ ಅನ್ನುವ ಕಿವಿ ತಜ್ಞರು 2012ರಲ್ಲಿ ಒಂದು ಲೆಕ್ಕ ಕೊಟ್ಟರು. ಸ್ವಲ್ಪವೇ ಕಿವಿ ಮಂದವಾದವರಲ್ಲಿ, ಅಂದರೆ 25 ಡೆಸಿಬೆಲ್‌ನಷ್ಟು ಕಡಿಮೆಯಾದವರಲ್ಲಿ, ಕಳೆದ ವರ್ಷ ಬಿದ್ದಿದ್ದೆವು ಅಂದವರು ಚೆನ್ನಾಗಿ ಕೇಳಿಸುವವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಯಾಕೆ ಅನ್ನುವುದಕ್ಕೆ ಹಲವು ವಿವರಣೆ ಇವೆ. ಮೈಯನ್ನು ಸಮತೋಲದಲ್ಲಿ ನಿಲ್ಲಿಸುವ ಅಂಗವೂ ಒಳಕಿವಿಯಲ್ಲೇ, ಕೇಳಿಸುವ ಭಾಗದ ಪಕ್ಕದಲ್ಲೇ ಇದೆ, ಒಂದು ಸವೆದರೆ ಇನ್ನೊಂದೂ ಸವೆಯಬಹುದು. ನಮ್ಮ ಹೆಜ್ಜೆಯ ಸದ್ದು, ಗೋಡೆಯಿಂದ ಮರಳುವ ಸದ್ದು ನಾವೆಲ್ಲಿ ನಿಂತಿದ್ದೇವೆ ಅಂತ ನಮಗೆ ಗೊತ್ತಿಲ್ಲದೆಯೇ ಹೇಳುತ್ತಿರುತ್ತವೆ. ಅದೂ ಹೋಗುತ್ತದೆ. ಮೂರನೆಯದು ನನ್ನ ಮನಸ್ಸಿಗೆ ಹತ್ತಿದ್ದು: ಅರ್ಧ ಕೇಳಿಸಿದ ಮಾತನ್ನು ಜೋಡಿಸುವುದಕ್ಕೇ ಮೆದುಳು ದಿನವಿಡೀ ದುಡಿಯುತ್ತಿದ್ದರೆ ಕಾಲಿನ ಕಡೆ ಗಮನ ಕೊಡಲು ಅದಕ್ಕೆ ಎಷ್ಟು ಉಳಿದೀತು? ಸಂಜೆ ಹೊತ್ತಿಗೆ ಅಪ್ಪ ಯಾಕೆ ಅಷ್ಟು ಸುಸ್ತಾಗಿರುತ್ತಿದ್ದರು ಅನ್ನುವುದೂ ಆಗ ಅರ್ಥವಾಯಿತು. ಏನೂ ಕೆಲಸ ಮಾಡಲ್ಲ, ಆದರೂ ಸುಸ್ತು ಅಂತಾರೆ ಅಂತ ನಾವು ಮಾತಾಡಿಕೊಂಡಿದ್ದೆವು.

ಮರೆವಿನ ವಿಷಯ ಇನ್ನೂ ಗಂಭೀರ. ಇದೇ ಲಿನ್ ಅವರ ತಂಡ 2011ರಲ್ಲಿ 639 ಜನರನ್ನು ವರ್ಷಗಟ್ಟಲೆ ಗಮನಿಸಿದ ವಿವರ ಪ್ರಕಟಿಸಿತು. ಕಿವಿ ಸ್ವಲ್ಪ ಮಂದವಾದವರಿಗೆ ಡಿಮೆನ್ಷಿಯಾ ಅನ್ನುವ ಮರೆವಿನ ಕಾಯಿಲೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು, ಮಧ್ಯಮ ಮಟ್ಟದವರಿಗೆ ಮೂರು ಪಟ್ಟು, ತೀರಾ ಮಂದವಾದವರಿಗೆ ಐದು ಪಟ್ಟು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಡಿಮೆನ್ಷಿಯಾಕ್ಕೆ ನಾವು ತಡೆಯಲು ಪ್ರಯತ್ನಿಸಬಹುದಾದ 14 ಕಾರಣಗಳನ್ನು ಗುರುತಿಸಿದೆ. ಅದರಲ್ಲಿ ದೊಡ್ಡವುಗಳ ಸಾಲಿನಲ್ಲಿ ಕಿವಿ ಇದೆ.

ಹಾಗಂತ ಕಿವಿ ಮೆಷಿನ್ ಹಾಕಿದರೆ ಮರೆವು ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ಮೂರು ವರ್ಷ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಮೆಷಿನ್ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ, ಅಂದರೆ ವಯಸ್ಸು ಹೆಚ್ಚಾಗಿ ಬೇರೆ ಕಾಯಿಲೆಗಳೂ ಇದ್ದವರಲ್ಲಿ, ಮೆದುಳಿನ ಇಳಿತ 48 ಶೇಕಡಾ ನಿಧಾನವಾಯಿತು. ಬಿಪಿ ಇದ್ದ, 74 ದಾಟಿದ ಅಪ್ಪನನ್ನು ನೆನೆದು ನಾನು ಆ ಎರಡನೇ ಸಾಲನ್ನು ಮತ್ತೆ ಮತ್ತೆ ಓದಿದೆ.

ಮರೆವು ಬರುತ್ತದೋ ಬಿಡುತ್ತದೋ, ಅಪ್ಪನಿಗೆ ಆಗ ಮರೆವು ಇರಲಿಲ್ಲ. ಅದು ಮೈಸೂರಿನಲ್ಲಿ ಗೊತ್ತಾಯಿತು.

ಮೈಸೂರಿಗೆ ಹೋಗುವ ಮುಂಚೆ ಒಂದು ತಪ್ಪು ಮಾಡಿದ್ದೆವು. ಬಿದ್ದ ಮೇಲೆ ಗಾಬರಿಯಲ್ಲಿ ತಮ್ಮ ಒಂದು ಅಂಗಡಿಯಿಂದ ಕಿವಿ ಮೆಷಿನ್ ತಂದುಕೊಟ್ಟ. ಪರೀಕ್ಷೆ ಇಲ್ಲ, ಏನಿಲ್ಲ, ವಯಸ್ಸು ಕೇಳಿ ಕೊಟ್ಟರಂತೆ. ಅದು ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುತ್ತಿತ್ತು. ದಪ್ಪ ಸದ್ದು ಅಪ್ಪನಿಗೆ ಮೊದಲೇ ಕೇಳಿಸುತ್ತಿತ್ತಲ್ಲ, ಅದೇ ಇನ್ನಷ್ಟು ದೊಡ್ಡದಾಗಿ ತಲೆಗೆ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಜೊತೆಗೆ ಕುಂಯ್ ಅನ್ನುವ ಸೀಟಿ. ಎರಡು ದಿನ ಹಾಕಿಕೊಂಡು ತೆಗೆದು ಬೀರುವಿನಲ್ಲಿಟ್ಟರು. "ಇದರ ಸಹವಾಸ ಬೇಡ" ಅಂದರು. ಬಹಳಷ್ಟು ಮನೆಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಮೈಸೂರಿನವರು ಸುಮ್ನೆ ಸ್ಪೀಚ್ ಅಂಡ್ ಹಿಯರಿಂಗ್ ಅಂತಾರೆ. ಅರಸೀಕೆರೆಗೆ ಹೋಗಿ ಹಾಸನ, ಹೊಳೆನರಸೀಪುರದ ಮೇಲಿಂದ ಹೋಗುವ ರೈಲು ಹಿಡಿದೆವು. ಅಪ್ಪ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬ್ಯಾಂಡೇಜು ಬಿಚ್ಚಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

ಮೊದಲು ಕಿವಿಯೊಳಗೆ ಲೈಟು ಬಿಟ್ಟು ನೋಡಿದರು. ಗುಗ್ಗೆ ಗಟ್ಟಿಯಾಗಿ ಅಡ್ಡ ಕೂತಿದ್ದರೆ ಅಷ್ಟಕ್ಕೇ ಎಷ್ಟೋ ಜನರಿಗೆ ಕೇಳಿಸುವುದು ಕಡಿಮೆಯಾಗಿರುತ್ತದೆ. ಅದನ್ನು ತೆಗೆದ ಮೇಲೆ ಸದ್ದೇ ನುಗ್ಗದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಬೀಪ್ ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ನಾನು ಗಾಜಿನ ಈಚೆ ನಿಂತಿದ್ದೆ. ದಪ್ಪ ಸದ್ದಿಗೆ ಅಪ್ಪನ ಬೆರಳು ಟಕ್ಕನೆ ಏಳುತ್ತಿತ್ತು. ಸದ್ದು ಚೂಪಾಗುತ್ತಾ ಹೋದ ಹಾಗೆ ಬೆರಳು ಏಳುವುದು ನಿಂತಿತು. ಅಪ್ಪ ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ಪರೀಕ್ಷೆ ಬರೆಯುವ ಹುಡುಗನ ಹಾಗೆ ಕಾಯುತ್ತಿದ್ದರು. ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಬಟನ್ ಒತ್ತುತ್ತಿದ್ದರು. ಅಪ್ಪ ಕಾಯುತ್ತಲೇ ಇದ್ದರು. ಸದ್ದು ಬರುತ್ತಿದೆ ಅಂತ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆ ನಿಮಿಷವನ್ನು ನನಗೆ ಮರೆಯಲಾಗುವುದಿಲ್ಲ.

ಆಮೇಲೆ ಕೈಗೆ ಒಂದು ಗ್ರಾಫ್ ಕೊಟ್ಟರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು. ಎಡದಿಂದ ಬಲಕ್ಕೆ ಎರಡೂ ಗೆರೆ ಗುಡ್ಡದಿಂದ ಇಳಿದ ಹಾಗೆ ಇಳಿದಿದ್ದವು. ಸದ್ದು ಎಷ್ಟು ಜೋರಾದರೆ ಕೇಳಿಸುತ್ತದೆ ಅನ್ನುವ ಲೆಕ್ಕ ಅದು, ಅಂಕಿ ದೊಡ್ಡದಾದಷ್ಟೂ ಕಿವಿ ಮಂದ. ದಪ್ಪ ಸದ್ದಿಗೆ 30 ಡೆಸಿಬೆಲ್, ಚೂಪು ಸದ್ದಿಗೆ 75. ಸರಾಸರಿ 54. ಕನ್ನಡ ಪದಗಳನ್ನು ಸಾಕಷ್ಟು ಜೋರಾಗಿ ಕೇಳಿಸಿದಾಗ ಅಪ್ಪ ಹೆಚ್ಚಿನವನ್ನು ಸರಿಯಾಗಿ ಹೇಳಿದರು. ಕೇಳಿಸಿದರೆ ಅರ್ಥ ಮಾಡಿಕೊಳ್ಳುತ್ತಾರೆ, ತಲೆ ಚುರುಕಾಗಿದೆ ಅಂತ ಆಡಿಯಾಲಜಿಸ್ಟ್ ಹೇಳಿದಾಗ ನಾನು ತಮ್ಮನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅರಳು ಮರಳು ಅಂದವರಲ್ಲಿ ನಾವಿಬ್ಬರೂ ಇದ್ದೆವು.

ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ಮುಟ್ಟಿದರೆ ಮಾತ್ರ ಕಿವಿ ಮಂದ ಅಂತ ಲೆಕ್ಕ. ಸರಾಸರಿ 54 ಡೆಸಿಬೆಲ್ ಇದ್ದ ಅಪ್ಪ ಆ ಲೆಕ್ಕಕ್ಕೆ ಬರುವುದಿಲ್ಲ. ಫೋನು, ಬ್ಯಾಂಕು, ಮಾರುಕಟ್ಟೆ, ಬಸ್ಸು ಎಲ್ಲ ಕಳೆದುಕೊಂಡಿದ್ದರೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 60 ವರ್ಷ ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಬದುಕಿಗೇ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ 2017ರಲ್ಲಿ ಶುರುವಾದ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಕನ್ನಡಕ, ಹಲ್ಲಿನ ಸೆಟ್ಟಿನ ಜೊತೆ ಕಿವಿ ಮೆಷಿನ್ನೂ ಉಚಿತ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಅಂಥವರಿದ್ದರೆ ದಯವಿಟ್ಟು ವಿಚಾರಿಸಿ. ನಾವು ದುಡ್ಡು ಕೊಟ್ಟು ತಗೊಂಡೆವು. ಮೆಷಿನ್ ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ನಮ್ಮದು ನಡುವಿನದು. ಅಪ್ಪನ ಗ್ರಾಫಿಗೆ ಹೊಂದುವ ಹಾಗೆ ಚೂಪು ಸದ್ದನ್ನು ಮಾತ್ರ ಜಾಸ್ತಿ ಎತ್ತುವಂತೆ ಕೂರಿಸಿಕೊಟ್ಟರು.

ಮೊದಲ ದಿನವೇ ಪವಾಡ ಆಗಲಿಲ್ಲ. ಮೂರು ವಾರ ಕಷ್ಟಪಟ್ಟರು. ವರ್ಷಗಟ್ಟಲೆ ಕೇಳಿಸದ ಸದ್ದುಗಳು ಒಟ್ಟಿಗೇ ನುಗ್ಗಿದವು. ಪೇಪರ್ ಮಡಚುವ ಸದ್ದು, ನಲ್ಲಿ ತೊಟ್ಟಿಕ್ಕುವ ಸದ್ದು, ತಾವೇ ಹಪ್ಪಳ ಕಡಿಯುವ ಸದ್ದು. ಯಾವುದನ್ನು ಗಮನಿಸಬೇಕು, ಯಾವುದನ್ನು ಬಿಡಬೇಕು ಅಂತ ಮೆದುಳು ಮತ್ತೆ ಕಲಿಯಬೇಕಂತೆ. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ ಏರಿಸುತ್ತಾ ಹೋದೆವು. ಎರಡು ಸಲ ಮೈಸೂರಿಗೆ ಹೋಗಿ ಸರಿ ಮಾಡಿಸಿಕೊಂಡು ಬಂದೆವು.

ಬ್ಯಾಟರಿಯದೇ ಒಂದು ಅಧ್ಯಾಯ. ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಹಿಂದೆ ಒಂದು ಕಂದು ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತರೆ ಗಾಳಿ ಒಳಹೋಗಿ ಬ್ಯಾಟರಿ ಎಚ್ಚರವಾಗುತ್ತದೆ, ಒಂದು ನಿಮಿಷ ಬಿಟ್ಟು ಹಾಕಬೇಕು. ಮೂವತ್ತೆರಡು ವರ್ಷ ಹಿಟ್ಟಿನ ಮೂಟೆ ಎತ್ತಿದ ಬೆರಳುಗಳಿಗೆ ಆ ಕೆಲಸ ಸುಲಭವಲ್ಲ. ಮೊದಲ ತಿಂಗಳು ತಮ್ಮನ ಮಗಳು ಹಾಕಿಕೊಡುತ್ತಿದ್ದಳು. ಆಮೇಲೆ ಅಪ್ಪ ಒಂದು ಉಪಾಯ ಕಂಡುಕೊಂಡರು. ಸ್ಟೀಲ್ ತಟ್ಟೆಯಲ್ಲಿ ಬಿಳಿ ಪಂಚೆಯ ತುಂಡು ಹಾಸಿ, ಕಿಟಕಿ ಬೆಳಕಿಗೆ ಕೂತು, ನಿಧಾನವಾಗಿ ತಾವೇ ಹಾಕಿಕೊಳ್ಳುತ್ತಾರೆ. ಆ ಒಂದು ನಿಮಿಷವನ್ನು ಬೆರಳು ಮಡಚಿ ಎಣಿಸುತ್ತಾರೆ. ಯಾರಾದರೂ ಸಹಾಯಕ್ಕೆ ಹೋದರೆ ಬೇಡ ಅಂತ ಕೈಯಾಡಿಸುತ್ತಾರೆ. ಮಳೆಗಾಲದ ತೇವಕ್ಕೆ ಕೆಡದಿರಲಿ ಅಂತ ರಾತ್ರಿ ಅದನ್ನು ತೇವ ಹೀರುವ ಹರಳಿನ ಡಬ್ಬಿಯಲ್ಲಿ ಇಡುತ್ತಾರೆ.

ಮೆಷಿನ್ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಮನೆಯವರದು ಅಂತ ಮೈಸೂರಿನಲ್ಲಿ ಹೇಳಿಕೊಟ್ಟಿದ್ದರು. ಅಡುಗೆಮನೆಯಿಂದ ಕೂಗಬೇಡಿ. ಎದುರಿಗೆ ಬನ್ನಿ, ಮುಖದ ಮೇಲೆ ಬೆಳಕಿರಲಿ. ಮೊದಲು ಕರೆಯಿರಿ, ನೋಡಿದ ಮೇಲೆ ವಿಷಯ ಹೇಳಿ. ಅರ್ಥವಾಗದಿದ್ದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಟಿವಿ ಆರಿಸಿ. ಕೇಳಲು ಸುಲಭ, ರೂಢಿಯಾಗಲು ನಮಗೆ ಅಪ್ಪನಿಗಿಂತ ಜಾಸ್ತಿ ಸಮಯ ಬೇಕಾಯಿತು. ಅದರಲ್ಲೂ ಒಂದು ಮಾತನ್ನು ಬಿಡುವುದು ಬಹಳ ಕಷ್ಟವಾಯಿತು. ಎಲ್ಲರೂ ಯಾವುದಕ್ಕೋ ನಕ್ಕಾಗ ಅಪ್ಪ ಏನು ಅಂತ ಕೇಳಿದರೆ ನಾವೆಲ್ಲ ಹೇಳುತ್ತಿದ್ದ ಮಾತು: "ಏನಿಲ್ಲ ಬಿಡಪ್ಪ." ಅಷ್ಟು ಜನ ನಕ್ಕಮೇಲೆ ಏನಿಲ್ಲ ಅಂದರೆ ಏನರ್ಥ? ಇದು ನಿನಗಲ್ಲ ಅಂತ ತಾನೇ? ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಒಂದೊಂದು ಸಲ ನೆನಪಾದಾಗಲೂ ಹೊಟ್ಟೆ ಕಿವುಚುತ್ತದೆ.

ಎಲ್ಲ ಮೊದಲಿನಂತಾಗಿಲ್ಲ. ಮದುವೆ ಮನೆಯ ಗದ್ದಲದಲ್ಲಿ ಮೆಷಿನ್ ಇದ್ದರೂ ಅಪ್ಪ ಒಂಟಿಯೇ. ಫೋನಿನಲ್ಲಿ ನನ್ನ ಮಾತು ತಿಳಿಯುತ್ತದೆ, ಹೊಸಬರದು ತಿಳಿಯುವುದಿಲ್ಲ. ಆದರೆ ಬ್ಯಾಂಕಿಗೆ ಒಬ್ಬರೇ ಹೋಗುತ್ತಾರೆ. ವೈದ್ಯರ ಹತ್ತಿರ ಹೋದಾಗ ಚೀಟಿ ಮುಂದಿಟ್ಟು "ಬರೆದುಕೊಡಿ ಸರ್, ಕಿವಿ ಸ್ವಲ್ಪ ಮಂದ" ಅನ್ನುತ್ತಾರೆ. ಹಿಂದೆ ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ರಾತ್ರಿ ಮೆಷಿನ್ ತೆಗೆದಿಡುವುದು ಈಗ ಅರ್ಧ ಗಂಟೆ ತಡ. ಅಮ್ಮನ ಮಾತು ಮುಗಿಯಬೇಕಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಿದ್ದೆವು. ತೆಂಗಿನ ಹಳೇ ಮರಗಳನ್ನು ಒಂದು ಸಾಲು ತೆಗೆದು ಅಡಿಕೆ ಹಾಕೋಣ ಅಂತ ತಮ್ಮ ಮೆಲ್ಲಗೆ ವಿಷಯ ಎತ್ತಿದ. ತಟ್ಟೆ ಕಡೆ ನೋಡಿಕೊಂಡೇ ಎತ್ತಿದ, ಹಳೇ ಅಭ್ಯಾಸ. ಅಪ್ಪ ಹೂಂ ಅನ್ನಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು.

"ಟಿವಿ ಆರಿಸು. ಈ ಕಡೆ ತಿರುಗಿ ಕೂತ್ಕೊ. ಈಗ ಹೇಳು."

ತಮ್ಮ ತಿರುಗಿ ಕೂತ. ಎಷ್ಟು ಮರ, ಎಷ್ಟು ಖರ್ಚು, ಬೋರ್‌ವೆಲ್‌ನಲ್ಲಿ ನೀರು ಎಷ್ಟಿದೆ, ಎಲ್ಲ ಹೇಳಿದ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಎರಡು ಕಡೆ ತಡೆದು ಇನ್ನೊಂದು ಸಲ ಹೇಳಿಸಿದರು.

ಆಮೇಲೆ "ಬೇಡ" ಅಂದರು.

ಯಾಕೆ ಬೇಡ ಅಂತ ತಮ್ಮ ಕೇಳಿದ. ಅಪ್ಪ ಹೇಳಿದರು. ಅವನು ಒಪ್ಪಲಿಲ್ಲ. ಇಬ್ಬರ ವಾದ ಮುಗಿಯುವಷ್ಟರಲ್ಲಿ ಮುದ್ದೆ ಆರಿಹೋಗಿತ್ತು. ಅಮ್ಮ ಸಾರು ಬಿಸಿ ಮಾಡಲು ಎದ್ದಳು.